ಬಲ್ಮಠದ ಗುರು ಹರ್ಮನ್ ಮೊಗ್ಲಿಂಗ್

ಪ್ರತಿವರ್ಷ ಜುಲೈ ಒಂದನೆಯ ತಾರೀಕನ್ನು ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಅಂದು ಗಡಿಯ ಈಚೆಗಿರುವ ನಮ್ಮ ಕಾಸರಗೋಡಿನಲ್ಲಿಯೂ ಮೊಗ್ಲಿಂಗ್ ಎಂಬ ಹೆಸರು ವೇದಿಕೆಗಳ ಮೇಲೆ ಕೇಳಿಬರುತ್ತದೆ. 1843ರ ಜುಲೈ ಒಂದರಂದು ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಜರ್ಮನ್ ಪಾದ್ರಿ ಎಂಬಷ್ಟರಲ್ಲಿ ಆ ಸ್ಮರಣೆ ಮುಗಿಯುತ್ತದೆ. ಮಂಗಳೂರಿನಿಂದ ಆ ಪತ್ರಿಕೆ ಹೊರಟದ್ದು ಹದಿನಾರು ಸಂಚಿಕೆಗಳು ಮಾತ್ರ, ಎಂಟು ತಿಂಗಳ ಕೆಲಸ. ಆದರೆ ಮೊಗ್ಲಿಂಗರು ಈ ಸೀಮೆಯಲ್ಲಿ ಬಾಳಿದ್ದು ಹೆಚ್ಚುಕಡಿಮೆ ಇಪ್ಪತ್ತನಾಲ್ಕು ವರ್ಷ. ಉಳಿದ ವರ್ಷಗಳಲ್ಲಿ ಅವರು ಏನು ಮಾಡುತ್ತಿದ್ದರು? ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಹಿಂದಿನ ಕಾಲದ ಗುರುವೊಬ್ಬರ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಪತ್ರಿಕೆಯ ಮೊಗ್ಲಿಂಗರಲ್ಲ, ಬಲ್ಮಠದ ಗುಡ್ಡದ ಮೇಲೆ ಹುಡುಗರೊಡನೆ ಒಂದೇ ಮನೆಯಲ್ಲಿ ಬಾಳಿದ ಮೊಗ್ಲಿಂಗರು.

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗರು ಜನಿಸಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಅವರು ದೇವಜ್ಞಾನ ಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳ ಭಾಷೆಗೆ ನಿಘಂಟು, ವ್ಯಾಕರಣಗಳನ್ನು ರಚಿಸಿಕೊಟ್ಟ ಹರ್ಮನ್ ಗುಂಡರ್ಟರು ಅಲ್ಲಿ ಅವರ ಸ್ನೇಹಿತರಾಗಿದ್ದರು. ಒಬ್ಬರು ಕನ್ನಡಕ್ಕೆ, ಒಬ್ಬರು ಮಲಯಾಳಕ್ಕೆ. ಈ ಎರಡು ಭಾಷೆಗಳ ನಡುವೆ ಬದುಕುವ ನಮಗೆ ಅವರಿಬ್ಬರ ಗೆಳೆತನ ವಿಶೇಷವಾಗಿ ಹತ್ತಿರವೆನಿಸುತ್ತದೆ. ವಿಶ್ವವಿದ್ಯಾನಿಲಯದಲ್ಲಿ ಓದಿದ ತರುಣನಿಗೆ ಸ್ವದೇಶದಲ್ಲಿಯೇ ಯಾವುದಾದರೊಂದು ಇಗರ್ಜಿಯಲ್ಲಿ ಗೌರವದ ಉದ್ಯೋಗ ದೊರೆಯುವುದು ಕಷ್ಟವಿರಲಿಲ್ಲ. ಮೊಗ್ಲಿಂಗರು ಅದನ್ನು ಬಯಸದೆ, 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಶನ್ನನ್ನು ಸೇರಿ 1836ರ ಕೊನೆಗೆ ಮಂಗಳೂರಿಗೆ ಬಂದಿಳಿದರು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಅವರಿಗಿಂತ ಎರಡು ವರ್ಷ ಮುಂಚೆ, 1834ರಲ್ಲಿ, ಅಲ್ಲಿಗೆ ಬಂದು ಕೆಲಸ ಆರಂಭಿಸಿದ್ದರು.

ಅವರು ಬಂದ ಸಮಯವಾದರೂ ಎಂಥದು! 1837ರ ಏಪ್ರಿಲ್ ತಿಂಗಳಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಕಂಪೆನಿ ಸರಕಾರದ ವಿರುದ್ಧ ದಂಗೆಯೆದ್ದು ಮಂಗಳೂರನ್ನು ವಶಪಡಿಸಿಕೊಂಡಿತು. ಹದಿಮೂರು ದಿನಗಳ ತರುವಾಯ ಕಂಪೆನಿಯ ಸೈನ್ಯ ದಂಗೆಯನ್ನು ಅಡಗಿಸಿತು, ನಾಯಕರನ್ನು ಗಲ್ಲಿಗೇರಿಸಿತು. ಅಂಥ ಊರಿನಲ್ಲಿ ಬಿಳಿಯ ಮೈಬಣ್ಣದ ಮನುಷ್ಯನೊಬ್ಬ ಕೈಯಲ್ಲಿ ಪುಸ್ತಕ ಹಿಡಿದು ಜನರ ಬಳಿಗೆ ಬಂದರೆ ಅವನನ್ನು ಕಂಪೆನಿಯವನೆಂದೇ ತಿಳಿಯುವುದು ಸಹಜ. ತಾನು ಆಳುವವನಲ್ಲ ಎಂಬುದನ್ನು ಆತ ಬಾಯಿಮಾತಿನಿಂದ ತೋರಿಸಿಕೊಡುವಂತಿರಲಿಲ್ಲ.

ಮೊಗ್ಲಿಂಗರು ಮೊದಲ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳ ಕಡೆಯಲ್ಲಿಯೂ ಇದ್ದು ಕನ್ನಡವನ್ನು ಅಭ್ಯಾಸ ಮಾಡಿದರು. ಕರಾವಳಿಗೆ ಮರಳಿದಾಗ ಅವರ ಮುಂದಿದ್ದುದು ತುಳು, ಕೊಂಕಣಿ, ಕನ್ನಡ, ಮಲಯಾಳಗಳೆಲ್ಲ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ. ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಕಾಲಕ್ಕೆ ಕಾಸರಗೋಡು ಕೂಡ ಬೇಕಲ ತಾಲೂಕಿನ ಭಾಗವಾಗಿ ಅದೇ ಕೆನರಾ ಜಿಲ್ಲೆಯಲ್ಲಿತ್ತು.

ಮಿಶನಿನ ಹಿರಿಯರಾದ ಸಾಮುವೆಲ್ ಹೆಬಿಕರ ಮಾರ್ಗ ಬೇರೆ. ಉದ್ದ ಗಡ್ಡದ ಆ ಮನುಷ್ಯ 1841ರಲ್ಲಿ ಕಣ್ಣೂರಿಗೆ ಹೋದ ಮೇಲೆ ತಳಿಪ್ಪರಂಬ, ಪಯ್ಯಾವೂರುಗಳ ಉತ್ಸವಗಳಲ್ಲಿ ನಿಂತು ಸಹಸ್ರಾರು ಜನರಿಗೆ ಕೇಳಿಸುವಂತೆ ಉಪದೇಶ ಮಾಡುತ್ತಿದ್ದರು. ಕಲ್ಲು, ಮಣ್ಣು ಬಿದ್ದರೂ ಜಗ್ಗುತ್ತಿರಲಿಲ್ಲ. ಮೊಗ್ಲಿಂಗರೂ ಬೀದಿಯಲ್ಲಿ ನಿಂತು ಮಾತನಾಡದಿದ್ದವರಲ್ಲ. ಆದರೆ ಅವರ ಮನಸ್ಸು ಒಲಿದದ್ದು ಗುಂಪಿನ ಕಡೆಗಲ್ಲ, ಕೆಲವೇ ಹುಡುಗರ ಕಡೆಗೆ. ಮಂಗಳೂರಿನಲ್ಲಿ ವಿದ್ಯಾರ್ಥಿಗಳನ್ನು ಕೂಡಿಕೊಂಡು ಅವರು ಒಂದೇ ಮನೆಯಲ್ಲಿ ವಾಸಮಾಡಿದರು. ಹುಡುಗರು ಉಂಡುದನ್ನೇ ಉಂಡರು. ಐರೋಪ್ಯರೆಂದರೆ ಬೇರೆ ಬಂಗಲೆ, ಬೇರೆ ಅಡುಗೆ, ಬೇರೆ ಚಾಕರರು ಎಂಬುದು ರೂಢಿಯಾಗಿದ್ದ ಕಾಲವದು. ಊಟದ ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕೂರಬಹುದೆಂಬುದು ಹುಟ್ಟಿನಿಂದಲೇ ನಿರ್ಣಯವಾಗುತ್ತಿದ್ದ ಸಮಾಜವೂ ಅದೇ. ಈ ಎರಡು ಗೋಡೆಗಳನ್ನೂ ಅವರು ಒಮ್ಮೆಗೇ ದಾಟಿದ್ದರು. ಬಲ್ಮಠದಲ್ಲಿ 1847ರಲ್ಲಿ ಅವರು ವ್ಯವಸ್ಥಿತವಾಗಿ ಆರಂಭಿಸಿದ ಬೋಧಕರ ಶಿಕ್ಷಣಾಲಯವೇ ಬೆಳೆದು ಇಂದು ಅಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಆಗಿದೆ.

ಇಲ್ಲಿ ಅಧ್ಯಾಪಕನಾದ ನನ್ನ ಒಂದು ಮಾತು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಕೆಲಸಮಾಡಿದವರಿಗೆ ಜೂನ್ ತಿಂಗಳ ಆರನೆಯ ಕೆಲಸದ ದಿನವೆಂದರೆ ಏನೆಂದು ಗೊತ್ತು. ಅಂದಿನ ಎಣಿಕೆಯ ಮೇಲೆ ತರಗತಿಯ ವಿಭಾಗ ಉಳಿಯಬೇಕು, ಅಧ್ಯಾಪಕರ ಹುದ್ದೆ ಉಳಿಯಬೇಕು. ಮೇ ತಿಂಗಳ ಬಿಸಿಲಿನಲ್ಲಿ ನಾವು ಮನೆಮನೆಗೆ ಹತ್ತಿ ಇಳಿದು ಮಕ್ಕಳನ್ನು ಕೇಳಿದ್ದೇವೆ. ಮಗುವೊಂದು ದಾಖಲಾದಾಗ ಸಂತೋಷಪಟ್ಟಿದ್ದೇವೆ. ಆ ಸಂತೋಷ ಮಗುವಿಗಾಗಿಯೋ ಸಂಖ್ಯೆಗಾಗಿಯೋ ಎಂದು ನನ್ನನ್ನು ನಾನು ಕೇಳಿಕೊಂಡದ್ದುಂಟು. ಧರ್ಮಪ್ರಚಾರಕನಿಗೂ ಇದೇ ಇಕ್ಕಟ್ಟು ತಪ್ಪಿದ್ದಲ್ಲ. ದೂರದ ಬಾಸೆಲಿನಲ್ಲಿ ಹಣ ಕೂಡಿಸಿ ಕಳುಹಿಸುತ್ತಿದ್ದ ಭಕ್ತರಿಗೆ ವರ್ಷಕ್ಕೆ ಎಷ್ಟು ಮಂದಿ ಸ್ನಾನದೀಕ್ಷೆ ಪಡೆದರೆಂಬ ಲೆಕ್ಕ ಹೋಗಬೇಕಾಗಿತ್ತು. ಮೊಗ್ಲಿಂಗರ ಜೀವನವನ್ನು ಆ ಲೆಕ್ಕದಿಂದ ಅಳೆದರೆ ಅದು ದೊಡ್ಡ ಜಯವಾಗಿ ತೋರುವುದಿಲ್ಲ.

‘ಮಂಗಳೂರ ಸಮಾಚಾರ’ದ ಕುರಿತು ಎರಡು ಮಾತು ಸಾಕು. ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ನಾಲ್ಕು ಪುಟಗಳಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರದೇಶದ ಸುದ್ದಿ, ಕಥೆ, ದಾಸರ ಹಾಡು ಎಲ್ಲಕ್ಕೂ ಸ್ಥಳವಿತ್ತು. ಸುದ್ದಿಯ ಹೆಸರಿನಲ್ಲಿ ಉಪದೇಶವನ್ನೇ ತುಂಬಿಸಲಿಲ್ಲವೆಂಬುದು ಅದರ ಹೆಚ್ಚಳ. 1844ರಲ್ಲಿ ಅದು ಬಳ್ಳಾರಿಯ ಅಚ್ಚುಮೊಳೆಗಳ ಮುದ್ರಣಾಲಯಕ್ಕೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರು ತಳೆಯಿತು.

ಅದೇ 1844ರ ಜನವರಿ 6ರಂದು ಮಂಗಳೂರನ್ನು ಅಲ್ಲೋಲಕಲ್ಲೋಲ ಮಾಡಿದ ಸಂಗತಿಯೊಂದು ನಡೆಯಿತು. ಮೊಗ್ಲಿಂಗರಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣರು ಮೂವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಅವರಲ್ಲಿ ಒಬ್ಬರಾದ ಆನಂದರಾವ್ ಕೌಂಡಿನ್ಯರಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅವರು ಗುರುವಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಹಳೆಯ ಹೆಸರನ್ನೂ ಬಿಡಲಿಲ್ಲ, ಗೋತ್ರದ ಹೆಸರನ್ನೂ ಬಿಡಲಿಲ್ಲ.

ಈ ಘಟನೆಯನ್ನು ಮಿಶನಿನ ಚರಿತ್ರೆ ಬರೆದವರು ಸಂಭ್ರಮದಿಂದಲೇ ವರ್ಣಿಸಿದ್ದಾರೆ. ಆದರೆ ಅದರ ಇನ್ನೊಂದು ಬದಿಯನ್ನು ನೋಡದೆ ಮುಂದೆ ಹೋಗುವುದು ನನ್ನಿಂದಾಗದು. ಮಗ ಮನೆಯಿಂದ ಹೊರಟುಹೋದ. ಅವನು ಸತ್ತಿದ್ದರೆ ಅಳುವುದಕ್ಕೊಂದು ವಿಧಿಯಿತ್ತು. ಬದುಕಿದ್ದು ಬೇರೆಯವನಾದರೆ ಅದಕ್ಕೆ ವಿಧಿಯಿಲ್ಲ. ಪಿತೃಗಳಿಗೆ ತರ್ಪಣ ಬಿಡುವ ಕೈ ತಪ್ಪಿತು. ನಂಬಿ ಮಗನನ್ನು ವಿದ್ಯೆಗಾಗಿ ಕಳುಹಿಸಿದ ಮನೆಯವರಿಗೆ, ಗುರುವೇ ಮಗನನ್ನು ತೆಗೆದುಕೊಂಡನೆಂದು ತೋರಿದ್ದರೆ ಅದನ್ನು ತಪ್ಪೆನ್ನಲಾಗದು. ಊರು ಕೆರಳಿತು. ಮೊಗ್ಲಿಂಗರ ಮೇಲೆ ಎದ್ದ ಸಿಟ್ಟು ಬಹುಕಾಲ ಆರಲಿಲ್ಲ. ಒಬ್ಬ ವ್ಯಕ್ತಿಯ ಆತ್ಮಕ್ಕಾಗಿ ಚಿಂತಿಸುವವನು ಆ ವ್ಯಕ್ತಿಯ ಹಿಂದೆ ಇರುವ ಮನೆ, ನೆಂಟರು, ಹಿರಿಯರ ಕಣ್ಣೀರು ಇವುಗಳಿಗೆ ಎಷ್ಟರಮಟ್ಟಿಗೆ ಬಾಧ್ಯನು? ಮೊಗ್ಲಿಂಗರ ಪ್ರಕಾರ ಮನುಷ್ಯನು ದೇವರ ಮುಂದೆ ಒಂಟಿಯಾಗಿಯೇ ನಿಲ್ಲಬೇಕು. ಅಲ್ಲಿ ಜಾತಿಯಾಗಲಿ ಕುಟುಂಬವಾಗಲಿ ಅವನ ಪರವಾಗಿ ಉತ್ತರಿಸಲಾರದು. ನಮ್ಮ ಹಿರಿಯರ ಪ್ರಕಾರ ಕುಟುಂಬದಿಂದ ಹೊರಗೆ ಮನುಷ್ಯನೇ ಇಲ್ಲ. ಈ ವ್ಯಾಜ್ಯ ಅಂದು ತೀರಲಿಲ್ಲ.

ಆದರೆ ಮೊಗ್ಲಿಂಗರು ಆ ತರುಣನನ್ನು ಜಯದ ಗುರುತಾಗಿ ತೋರಿಸಿ ಕೈಬಿಟ್ಟವರಲ್ಲವೆಂಬುದಕ್ಕೆ ಮುಂದಿನ ವರ್ಷಗಳೇ ಸಾಕ್ಷಿ. ಕೌಂಡಿನ್ಯರು ಬಾಸೆಲಿಗೆ ಹೋಗಿ ಅಧ್ಯಯನ ಮಾಡಿ 1851ರಲ್ಲಿ ದೀಕ್ಷಿತ ಬೋಧಕರಾಗಿ ಹಿಂದಿರುಗಿದರು. ಜರ್ಮನ್ ಮಿಶನರಿಗಳ ಬಳಿ ಕೆಲಸಮಾಡುವ ದೇಶೀಯ ಸಹಾಯಕನಾಗಿ ಅಲ್ಲ, ಅವರಿಗೆ ಸಮಾನನಾದ ಮಿಶನರಿಯಾಗಿ ಮರಳಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಂಥ ಸಮಾನತೆ ಸಾಮಾನ್ಯವಾದ ಮಾತಲ್ಲ.

ಇಲ್ಲಿ ಇನ್ನೊಂದು ಹೆಸರು ನೆನಪಾಗುತ್ತದೆ. ಕೊಂಕಣಿ ಮನೆಮಾತಿನ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಮತಾಂತರಗೊಳ್ಳದೆ, ತಮ್ಮ ಮನೆಯಲ್ಲೇ ಕುಳಿತು, ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯವಾಗಿ ಬರೆದರು. ಮೊಗ್ಲಿಂಗರು ಬಯಸಿದ ಬಗೆ ಇದಾಗಿರಲಾರದು.

ಮೊಗ್ಲಿಂಗರು ನಮ್ಮ ನಂಬಿಕೆಗಳನ್ನೆಲ್ಲ ಮೆಚ್ಚಿಕೊಂಡರೆಂದು ಹೇಳಿದರೆ ಅಸತ್ಯವಾಗುತ್ತದೆ. ಅವರೂ ಅವರ ಸಹೋದ್ಯೋಗಿ ವೈಗ್ಲೆಯವರೂ ಪ್ರಕಟಿಸಿದ ‘ಜಾತಿ ವಿಚಾರಣೆ’ಯಂಥ ಪುಸ್ತಕಗಳಲ್ಲಿ ಕಟುವಾದ ಖಂಡನೆಯುಂಟು. ಅದೇ ಮನುಷ್ಯ 1848ರಿಂದ 1853ರವರೆಗೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ಚೆನ್ನಬಸವ ಪುರಾಣ ಮೊದಲಾದವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರೆಂಬುದು ಮೇಲುನೋಟಕ್ಕೆ ಒಗಟು. 1850ರಲ್ಲಿ ಅವರು ಹೊರತಂದ ‘ದಾಸರ ಪದಗಳು’ ಬರುವವರೆಗೆ ಪುರಂದರದಾಸರ, ಕನಕದಾಸರ ಹಾಡುಗಳು ಹಾಡುವವರ ಬಾಯಲ್ಲಿಯೂ ಕೈಬರಹದ ಕಟ್ಟುಗಳಲ್ಲಿಯೂ ಇದ್ದವೇ ಹೊರತು ಹೀಗೆ ಪುಸ್ತಕವಾಗಿ ಅಚ್ಚಾಗಿ ಕೈಗೆ ಬಂದಿರಲಿಲ್ಲ. ಕ್ಯಾಸಮೇಜರ್ ಎಂಬ ಆಂಗ್ಲ ಅಧಿಕಾರಿಯೊಬ್ಬರು ಈ ಕೆಲಸಕ್ಕೆ ಧನಸಹಾಯ ಮಾಡಿದರು. ಧರ್ಮಪ್ರಚಾರಕ್ಕಾಗಿ ಬಂದ ಮುದ್ರಣಯಂತ್ರದಿಂದ ವೈಷ್ಣವರ ಹಾಡು, ವೀರಶೈವರ ಪುರಾಣಗಳು ಹೊರಬಂದವು.

ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಎದುರಾಳಿಯ ಆಯುಧಗಳನ್ನು ಅರಿಯುವುದಕ್ಕಾಗಿ ಎಂದು ಕೆಲವರು ಹೇಳುತ್ತಾರೆ. ಆರಂಭದಲ್ಲಿ ಅಂಥ ಉದ್ದೇಶವೂ ಇದ್ದಿರಬಹುದು. ಆದರೆ ಅಷ್ಟಕ್ಕಾಗಿ ಯಾರೂ ಐದಾರು ವರ್ಷಗಳ ಕಾಲ ಹಸ್ತಪ್ರತಿಗಳನ್ನು ಕೂಡಿಸಿ, ಲಿಪಿಕಾರರನ್ನು ಹುಡುಕಿ, ಕಲ್ಲಿನ ಮೇಲೆ ಒಂದೊಂದೇ ಪುಟ ಬರೆಯಿಸುತ್ತಾ ಕೂರುವುದಿಲ್ಲ. ಎದುರಿಗೆ ಬಂದ ಮನುಷ್ಯ ಸಂಜೆ ಮನೆಯಲ್ಲಿ ಯಾವ ಹಾಡು ಹಾಡುತ್ತಾನೆ, ಅವನ ತಾಯಿ ಅವನಿಗೆ ಯಾವ ಕಥೆ ಹೇಳಿದ್ದಳು, ಯಾವ ಗಾದೆ ಅವನ ನಾಲಗೆಯ ತುದಿಯಲ್ಲಿದೆ ಎಂಬುದನ್ನು ತಿಳಿಯದೆ ಆ ಮನುಷ್ಯನನ್ನು ಬಲ್ಲೆನೆಂದು ಹೇಳಲಾಗದು ಎಂಬ ಅರಿವು ಅವರಿಗೆ ಆಗಿತ್ತೆಂದು ನಾನು ಭಾವಿಸುತ್ತೇನೆ.

1852ರ ಹೊತ್ತಿಗೆ ಅವರ ದೇಹ ದಣಿದಿತ್ತು. ಸ್ವದೇಶಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಆಗ ಘಟ್ಟ ಇಳಿದು ಮಂಗಳೂರಿಗೆ ಒಬ್ಬ ಮನುಷ್ಯ ಬಂದ. ಹೆಸರು ಆಲಮಂಡ ಸೋಮಯ್ಯ. ಕೊಡವ ಒಕ್ಕವೊಂದರಲ್ಲಿ ಹುಟ್ಟಿ, ಮನೆಯನ್ನು ತೊರೆದು, ಬಹು ವರ್ಷ ಸಂನ್ಯಾಸಿಯ ಬಾಳು ಬಾಳಿದವನು. ಅವನು ಕ್ರೈಸ್ತ ದೀಕ್ಷೆಯನ್ನು ಬೇಡಿದನು. ಕೊಡಗಿಗೆ ಬರಬೇಕೆಂದು ಮೊಗ್ಲಿಂಗರನ್ನು ಕೇಳಿದನು. ಕೊಡಗು ಮಿಶನಿನ ಯೋಜನೆಯಲ್ಲಿ ಇರಲಿಲ್ಲ. ಅಲ್ಲಿ ಮನೆಯಿಲ್ಲ, ಸಭೆಯಿಲ್ಲ, ಗುರುತಿನವರಿಲ್ಲ. ಮೊಗ್ಲಿಂಗರು ಹಡಗನ್ನು ಬಿಟ್ಟು ಸೋಮಯ್ಯನೊಡನೆ ಘಟ್ಟ ಹತ್ತಿದರು.

ಅದೇ 1852ರಲ್ಲಿ ಕೊಡಗಿನ ಪದಚ್ಯುತ ಅರಸ ಚಿಕ್ಕವೀರರಾಜೇಂದ್ರನ ಕುವರಿ ಗೌರಮ್ಮನು ಇಂಗ್ಲೆಂಡಿನಲ್ಲಿ ಸ್ನಾನದೀಕ್ಷೆ ಪಡೆದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಅವಳಿಗೆ ಕೊಟ್ಟಳು. ಆ ಸುದ್ದಿ ಯುರೋಪಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಬರಿಗಾಲಿನಲ್ಲಿ ಘಟ್ಟ ಇಳಿದು ಬಂದ ಸೋಮಯ್ಯನಿಗೆ ಸಿಕ್ಕಿದ್ದು ಊರಿಗೆ ಹೊರಟು ನಿಂತಿದ್ದ ರೋಗಿಷ್ಠ ಪಾದ್ರಿಯೊಬ್ಬರು.

ಸೋಮಯ್ಯನ ಊರಿನಲ್ಲಿ ಹೂವಿನ ಹಾದಿ ಇರಲಿಲ್ಲ. ಕೊಡವರಲ್ಲಿ ಭೂಮಿ ಒಬ್ಬನದಲ್ಲ, ಒಕ್ಕದ್ದು. ಹಿರಿಯರ ಆರಾಧನೆಯೂ ಒಕ್ಕದ್ದೇ. ಅದರಿಂದ ಹೊರಗೆ ಹೋದವನು ಗದ್ದೆಯ ಪಾಲನ್ನು ಕೇಳಿದರೆ ವಿವಾದ ಹುಟ್ಟದೆ ಇರದು, ಇಲ್ಲಿಯೂ ಹುಟ್ಟಿತು. ಮಂಗಳೂರಿನಲ್ಲಿ ಕಂಡ ಪ್ರಶ್ನೆಯೇ ಮೊಗ್ಲಿಂಗರಿಗೆ ಇಲ್ಲಿಯೂ ಬೇರೊಂದು ವೇಷದಲ್ಲಿ ಎದುರಾಯಿತು. ಆದರೂ ಅವರು ಕೊಡಗನ್ನು ಬಿಡಲಿಲ್ಲ. ಆ ನಾಡಿನ ಇತಿಹಾಸ, ಜನಜೀವನ, ಆಚಾರಗಳನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ‘ಕೂರ್ಗ್ ಮೆಮಾಯರ್ಸ್’ 1855ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು. ಕೊಡಗನ್ನು ಅಭ್ಯಸಿಸುವವರು ಇಂದಿಗೂ ಅದನ್ನು ತೆರೆಯಬೇಕಾಗುತ್ತದೆ. ಕೊಡಗಿನಲ್ಲಿದ್ದಾಗಲೇ ಮಕ್ಕಳಿದ್ದ ವಿಧವೆ ಪೌಲಿನ್ ಅವರನ್ನು ವಿವಾಹವಾಗಿ ಗೃಹಸ್ಥರಾದರು.

ಕೊಡವರಲ್ಲಿ ಅವರ ಹಿಂದೆ ಬಂದವರು ತೀರ ವಿರಳ. ಬಂದವರು ಬೇರೆಯವರು. ತಲೆಮಾರುಗಳಿಂದ ಕೊಡಗಿನ ಗದ್ದೆಗಳಲ್ಲಿ ಜೀತಕ್ಕೆ ಬಿದ್ದಿದ್ದ ಹೊಲೆಯರ ಕುಟುಂಬಗಳು ಆಶ್ರಯ ಕೇಳಿಕೊಂಡು ಬಂದವು. ಗದ್ದೆಯೊಡನೆ ಆಳೂ ಕೈಬದಲಾಗುತ್ತಿದ್ದ ಪದ್ಧತಿಯಲ್ಲಿ ಅವರು ಲೆಕ್ಕಕ್ಕೆ ಸಿಕ್ಕುತ್ತಿದ್ದರು, ಹೆಸರಿಗೆ ಸಿಕ್ಕುತ್ತಿರಲಿಲ್ಲ. ಅವರಿಗಾಗಿ 1857ರ ಸುಮಾರಿಗೆ ಹೊಸ ಊರೊಂದು ಹುಟ್ಟಿಕೊಂಡಿತು. ಅದಕ್ಕೆ ಭೂಮಿ ಒದಗಿಸಿಕೊಟ್ಟವರು ಆನಂದರಾವ್ ಕೌಂಡಿನ್ಯರು. ಊರಿನ ಹೆಸರು ಆನಂದಪುರ. ಹದಿಮೂರು ವರ್ಷಗಳ ಹಿಂದೆ ಮಂಗಳೂರಿನ ಬ್ರಾಹ್ಮಣರ ಬೀದಿಯಿಂದ ಹೊರಬಂದ ಹುಡುಗ, ಕೊಡಗಿನ ಕಾಡಂಚಿನಲ್ಲಿ ಹೊಲೆಯರ ನಡುವೆ ಕಾಫಿತೋಟ ಮಾಡಿಕೊಂಡು ಅವರ ಬೋಧಕನಾಗಿ ನಿಂತನು. ಗುರು ಒಬ್ಬ ಹುಡುಗನೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದು ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಓದುಗರೇ ಗಮನಿಸಬೇಕು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಕನ್ನಡ ಸಾಹಿತ್ಯಸೇವೆಗಾಗಿ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಕನ್ನಡದ ಕೆಲಸಕ್ಕಾಗಿ ದೊರೆತ ಮೊದಲ ಡಾಕ್ಟರೇಟ್ ಇದೆಂದು ಪ್ರಾಜ್ಞರು ಹೇಳುತ್ತಾರೆ. ಅದು ದೊರೆತಾಗ ಅವರು ಕೊಡಗಿನ ಮಳೆಯಲ್ಲಿದ್ದರು.

1860ರಲ್ಲಿ ಅವರು ಕುಟುಂಬಸಮೇತ ಜರ್ಮನಿಗೆ ಮರಳಿದರು, ಮತ್ತೆ ಬರಲಾಗಲಿಲ್ಲ. ಕನ್ನಡದ ಕೆಲಸವನ್ನು ಫರ್ಡಿನೆಂಡ್ ಕಿಟ್ಟೆಲರು ಮುಂದುವರಿಸಿದರು. ಆ ಕಥೆ ನಮ್ಮ ಮಕ್ಕಳಿಗೂ ತಿಳಿದಿದೆ. ಆದರೆ ಸ್ವದೇಶದಲ್ಲಿ ಕುಳಿತ ಮೊಗ್ಲಿಂಗರು ಸುಮ್ಮನಿರಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. 1870ರ ಅನಂತರ ಲಕ್ಷ್ಮೀಶನ ಜೈಮಿನಿ ಭಾರತದ ಭಾಗಗಳನ್ನೂ ಅನುವಾದಿಸಿದರು. ಆಗ ಅವರಿಗೆ ಅರುವತ್ತರ ವಯಸ್ಸು. ಸುತ್ತಮುತ್ತ ಆ ಷಟ್ಪದಿಯ ಲಯವನ್ನು ಕೇಳಿ ತಲೆದೂಗುವವರು ಒಬ್ಬರೂ ಇಲ್ಲದ ಊರಿನಲ್ಲಿ, ಯಾರನ್ನೂ ಯಾವ ಮತಕ್ಕೂ ಕರೆಯುವ ಕೆಲಸವಿಲ್ಲದಿರುವಾಗ, ಅವರು ಕುಳಿತು ಕನ್ನಡವನ್ನು ಓದುತ್ತಿದ್ದರು.

1881ರ ಮೇ 10ರಂದು ಎಸ್ಲಿಂಗನ್ ಎಂಬ ಪಟ್ಟಣದಲ್ಲಿ ಅವರು ಕಾಲವಾದರು. ಅವರ ಹೆಸರನ್ನು ತನ್ನ ಹೆಸರಿನ ಮೊದಲಲ್ಲಿ ಹೊತ್ತ ಶಿಷ್ಯ ಕೌಂಡಿನ್ಯರು ಅನಂತರವೂ ಹನ್ನೆರಡು ವರ್ಷ ಬದುಕಿ, 1893ರಲ್ಲಿ ತೀರಿಕೊಂಡರು. ಆನಂದಪುರ ಕೊಡಗಿನ ನಕ್ಷೆಯಲ್ಲಿ ಇಂದಿಗೂ ಇದೆ.